ಗಡ್ಡೆಗೆ ರಕ್ತ ನಿಲ್ಲಿಸಿದರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತಾ? ಫಾರ್ವರ್ಡ್ ಹೇಳದ ಉಳಿದರ್ಧ ಕಥೆ

"ಕ್ಯಾನ್ಸರ್ ಗಡ್ಡೆಗೆ ರಕ್ತ ಹೋಗುವುದನ್ನು ನಿಲ್ಲಿಸಿ, ಅದು ಹಸಿವಿನಿಂದ ತಾನಾಗಿಯೇ ಸಾಯುತ್ತದೆ. ಕೀಮೋ ಬೇಡ, ರೇಡಿಯೇಶನ್ ಬೇಡ. ವಿಜ್ಞಾನಿಗಳು ಇದನ್ನು ಎಂದೋ ಕಂಡುಹಿಡಿದಿದ್ದಾರೆ, ಕಂಪನಿಗಳು ಮುಚ್ಚಿಟ್ಟಿವೆ. ಅರಿಶಿನ, ಗ್ರೀನ್ ಟೀ, ಲಕ್ಷ್ಮಣ ಫಲ ಸಾಕು. ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ."

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ. ತೊಂದರೆ ಇರುವುದೂ ಅಲ್ಲೇ. ಮೊದಲ ವಾಕ್ಯದಲ್ಲಿ ನಿಜವಾದ ವಿಜ್ಞಾನದ ಒಂದು ತುಣುಕಿದೆ, ಅದರ ಹಿಂದೆ ಐವತ್ತು ವರ್ಷಕ್ಕೂ ಹೆಚ್ಚಿನ ಸಂಶೋಧನೆ ಇದೆ. ಆದರೆ ಆ ಸಂಶೋಧನೆ ಕೊನೆಗೆ ತಲುಪಿದ್ದು ಫಾರ್ವರ್ಡ್ ಹೇಳುವುದಕ್ಕೆ ಹೆಚ್ಚುಕಡಿಮೆ ವಿರುದ್ಧವಾದ ಜಾಗಕ್ಕೆ. ರಕ್ತನಾಳ ತಡೆಯುವ ಔಷಧ ಒಂಟಿಯಾಗಿ ಕೊಟ್ಟಾಗ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಅಷ್ಟೇನೂ ಕೆಲಸ ಮಾಡುವುದಿಲ್ಲ. ಕೀಮೋ ಅಥವಾ ಇಮ್ಯುನೋಥೆರಪಿ ಜೊತೆ ಕೊಟ್ಟಾಗ ಕೆಲಸ ಮಾಡುತ್ತದೆ, ಅದೂ ಎಲ್ಲ ಕಡೆ ಅಲ್ಲ.

ಶುರುವಾದದ್ದು ಎಲ್ಲಿ?

1971ರಲ್ಲಿ ಅಮೆರಿಕದ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸರ್ಜನ್ ಜುಡಾ ಫೋಕ್‌ಮನ್ ಒಂದು ಪ್ರಬಂಧ ಬರೆದರು. ನಮ್ಮ ದೇಹದ ಯಾವ ಜೀವಕೋಶಕ್ಕಾದರೂ ಆಮ್ಲಜನಕ, ಆಹಾರ ಬೇಕು. ಅದನ್ನು ತರುವುದು ರಕ್ತ. ಹಾಗಾಗಿ ಹತ್ತಿರದಲ್ಲಿ ರಕ್ತನಾಳ ಇಲ್ಲದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡದಾಗಲು ಆಗುವುದಿಲ್ಲ. ಬೆಳೆಯಬೇಕಾದರೆ ಅದು ತನ್ನ ಕಡೆಗೆ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳಬೇಕು. ಆ ಕರೆಯನ್ನೇ ತಡೆದರೆ ಹೇಗೆ ಎಂಬುದು ಫೋಕ್‌ಮನ್ ಅವರ ಪ್ರಶ್ನೆ. ಬಹಳ ವರ್ಷ ಸಹೋದ್ಯೋಗಿಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆ ಕರೆ ಏನೆಂದು ತಿಳಿದದ್ದು 1980ರ ದಶಕದಲ್ಲಿ. 1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ಗಡ್ಡೆಗಳು ಹೊರಬಿಡುವ ಒಂದು ಪ್ರೋಟೀನ್ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ ಎಂದು ತೋರಿಸಿತು. 1989ರಲ್ಲಿ ಜೆನೆಂಟೆಕ್ ಕಂಪನಿಯಲ್ಲಿದ್ದ ಇಟಲಿ ಮೂಲದ ನೆಪೋಲಿಯೋನೆ ಫೆರಾರಾ ರಕ್ತನಾಳ ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿದರು. ನೋಡಿದರೆ ಎರಡೂ ಒಂದೇ! ಅದಕ್ಕೆ ವಿಇಜಿಎಫ್ ಎಂದು ಹೆಸರು. ಅಂದರೆ ಹೊಸ ನಾಳ ಬೆಳೆಸುವುದೂ ಅದೇ, ಆ ನಾಳಗಳನ್ನು ಸೋರುವಂತೆ ಮಾಡುವುದೂ ಅದೇ. ಈ ಎರಡನೇ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು "ಕಂಪನಿಗಳು ಮುಚ್ಚಿಟ್ಟಿವೆ" ಎಂಬ ಮಾತು. ಇಷ್ಟು ಡಂಗುರ ಸಾರಿಸಿಕೊಂಡ ವಿಷಯ ಕ್ಯಾನ್ಸರ್ ಚರಿತ್ರೆಯಲ್ಲೇ ಕಡಿಮೆ. 1998ರ ಮೇ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಫೋಕ್‌ಮನ್ ಅವರ ಔಷಧಗಳಿಂದ ಇಲಿಗಳಲ್ಲಿ ಗಡ್ಡೆ ಮಾಯವಾದ ಸುದ್ದಿಯನ್ನು ಮುಖಪುಟದಲ್ಲೇ ಹಾಕಿತು. ಆ ಔಷಧ ತಯಾರಿಸುತ್ತಿದ್ದ ಸಣ್ಣ ಕಂಪನಿಯ ಷೇರು ಮರುದಿನವೇ ನಾಲ್ಕು ಪಟ್ಟಿಗೂ ಮೀರಿ ಏರಿತು. ದೇಶದ ಎಲ್ಲೆಡೆಯಿಂದ ರೋಗಿಗಳು ಫೋನ್ ಮಾಡತೊಡಗಿದರು. ಇಲಿಗೆ ಕ್ಯಾನ್ಸರ್ ಬಂದರೆ ಮಾತ್ರ ಸದ್ಯಕ್ಕೆ ನೆರವಾಗಬಲ್ಲೆವು ಎಂಬರ್ಥದಲ್ಲಿ ಸ್ವತಃ ಫೋಕ್‌ಮನ್ ಎಚ್ಚರಿಸುತ್ತಿದ್ದರು. ಹಾಗೇ ಆಯಿತು. ಮನುಷ್ಯರಲ್ಲಿ ಆ ಪವಾಡ ನಡೆಯಲಿಲ್ಲ.

ಒಂಟಿ ಔಷಧ, ಜಂಟಿ ಔಷಧ: ನೇರ ಪೈಪೋಟಿ

ವಿಇಜಿಎಫ್ ಅನ್ನು ಹಿಡಿದುಹಾಕುವ ಪ್ರತಿಕಾಯ ಔಷಧದ ಹೆಸರು ಬೆವಸಿಝುಮ್ಯಾಬ್. ಅವಾಸ್ಟಿನ್ ಎಂಬ ಬ್ರ್ಯಾಂಡ್ ಹೆಸರಲ್ಲಿ ಕೇಳಿರಬಹುದು. 2004ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕಿದ್ದು ದೇಹದ ಬೇರೆ ಕಡೆಗೂ ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ಗೆ, ಕೀಮೋ ಜೊತೆಗೆ. 813 ರೋಗಿಗಳ ಆ ಅಧ್ಯಯನದಲ್ಲಿ ಕೀಮೋ ಮಾತ್ರ ಪಡೆದವರ ಮಧ್ಯಕ ಬದುಕುಳಿವು 15.6 ತಿಂಗಳು, ಕೀಮೋ ಜೊತೆ ಬೆವಸಿಝುಮ್ಯಾಬ್ ಪಡೆದವರದ್ದು 20.3 ತಿಂಗಳು. ಮಧ್ಯಕ ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ದಿನ, ಅರ್ಧ ಜನ ಕಡಿಮೆ ದಿನ ಇದ್ದರು ಎಂದರ್ಥ.

ಸುಮಾರು ಐದು ತಿಂಗಳು. ಪವಾಡವೇನಲ್ಲ. ಆದರೆ ಮನೆಯಲ್ಲಿ ಮಗಳ ಮದುವೆಯೋ ಮೊಮ್ಮಗುವಿನ ನಾಮಕರಣವೋ ಇರುವವರನ್ನು ಕೇಳಿ, ಐದು ತಿಂಗಳು ಎಂದರೆ ಏನೆಂದು ಅವರು ಹೇಳುತ್ತಾರೆ.

ನಮ್ಮ ಫಾರ್ವರ್ಡ್‌ಗೆ ನೇರ ಉತ್ತರ ಇರುವುದು 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ. ಅಲ್ಲಿ ಮೂರು ಗುಂಪುಗಳಿದ್ದವು. ಎಲ್ಲರಿಗೂ ಕರುಳಿನ ಕ್ಯಾನ್ಸರ್ ಹರಡಿತ್ತು, ಮೊದಲ ಸುತ್ತಿನ ಚಿಕಿತ್ಸೆ ಮುಗಿದಿತ್ತು. ಒಂದು ಗುಂಪಿಗೆ ಕೀಮೋ ಮಾತ್ರ. ಇನ್ನೊಂದಕ್ಕೆ ಬೆವಸಿಝುಮ್ಯಾಬ್ ಮಾತ್ರ, ಅಂದರೆ ಫಾರ್ವರ್ಡ್ ಹೇಳುವ ಹಾಗೆಯೇ "ಕೀಮೋ ಬೇಡ, ರಕ್ತ ನಿಲ್ಲಿಸಿದರೆ ಸಾಕು". ಮೂರನೆಯದಕ್ಕೆ ಎರಡೂ. ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಕೀಮೋ ಗುಂಪಿನ 8.6% ಜನರಲ್ಲಿ, ಎರಡೂ ಪಡೆದ ಗುಂಪಿನ 22.7% ಜನರಲ್ಲಿ. ರಕ್ತನಾಳದ ಔಷಧ ಮಾತ್ರ ಪಡೆದವರಲ್ಲಿ? 3.3%. ಆ ಗುಂಪಿಗೆ ಹೊಸಬರನ್ನು ಸೇರಿಸುವುದನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು.

ಪ್ರಯೋಗಾಲಯದಲ್ಲಿ ಶುದ್ಧೀಕರಿಸಿ, ತೂಕ ನೋಡಿ, ನೇರ ರಕ್ತಕ್ಕೇ ಕೊಟ್ಟ ಔಷಧದ ಪಾಡೇ ಇದು. ಬಿಸಿನೀರಿಗೆ ಕದಡಿದ ಅರಿಶಿನದ ಮೇಲೆ ಎಷ್ಟು ಭರವಸೆ ಇಡಬಹುದು?

(ಕಿಡ್ನಿ ಕ್ಯಾನ್ಸರ್ ಇದಕ್ಕೆ ಒಂದು ಅಪವಾದ. ಅದು ವಿಇಜಿಎಫ್ ಮೇಲೆ ವಿಪರೀತ ಅವಲಂಬಿಸಿರುವುದರಿಂದ ಸುನಿಟಿನಿಬ್‌ನಂಥ ಮಾತ್ರೆಗಳು ಅಲ್ಲಿ ಒಂಟಿಯಾಗಿಯೂ ಕೆಲಸ ಮಾಡುತ್ತವೆ. ಆದರೂ ಈಗ ಅಲ್ಲೂ ಜೋಡಿ ಚಿಕಿತ್ಸೆಯೇ ಮುಂದಿದೆ.)

ರಕ್ತ ನಿಲ್ಲಿಸಿದರೆ ಕೀಮೋ ಒಳಗೆ ಹೋಗುವುದು ಹೇಗೆ?

ಯೋಚಿಸಿ ನೋಡಿದರೆ ಇಲ್ಲೊಂದು ಒಗಟಿದೆ. ಕೀಮೋ ಔಷಧ ಗಡ್ಡೆಗೆ ತಲುಪುವುದು ರಕ್ತದ ಮೂಲಕವೇ. ರಕ್ತನಾಳ ತಡೆದರೆ ಔಷಧವೂ ತಲುಪಬಾರದು ತಾನೇ? ಹಾಗಿರುವಾಗ ಎರಡೂ ಸೇರಿ ಹೆಚ್ಚು ಕೆಲಸ ಮಾಡಿದ್ದು ಹೇಗೆ?

ಈ ಒಗಟಿಗೆ ಹೆಸರಾದ ಉತ್ತರ ಕೊಟ್ಟವರು ಡಾಕ್ಟರ್ ಅಲ್ಲ, ಕೆಮಿಕಲ್ ಎಂಜಿನಿಯರ್. ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದ ರಾಕೇಶ್ ಜೈನ್. ಪೈಪು, ಒತ್ತಡ, ಹರಿವು ಇವೇ ಅವರ ಮೂಲ ವಿದ್ಯೆ. ಅವರು ಗಡ್ಡೆಯನ್ನೂ ಪೈಪ್‌ಲೈನ್ ಸಮಸ್ಯೆಯಂತೆ ನೋಡಿದರು.

ಪ್ಲ್ಯಾನ್ ಇಲ್ಲದೆ ರಾತ್ರೋರಾತ್ರಿ ಎದ್ದ ಬಡಾವಣೆಯೊಂದನ್ನು ಕಲ್ಪಿಸಿಕೊಳ್ಳಿ. ಯಾರ್‍ಯಾರೋ ಎಲ್ಲೆಲ್ಲೋ ನೀರಿನ ಪೈಪ್ ಎಳೆದಿದ್ದಾರೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ, ಕೆಲವು ಎಲ್ಲಿಗೂ ಹೋಗದೆ ಮುಗಿಯುತ್ತವೆ, ಎಲ್ಲ ಕಡೆ ಸೋರಿಕೆ. ನೆಲವೆಲ್ಲ ಕೆಸರು, ಕೊನೆಯ ಮನೆಯ ನಲ್ಲಿಯಲ್ಲಿ ಮಾತ್ರ ಹನಿ ನೀರಿಲ್ಲ. ಗಡ್ಡೆಯೊಳಗಿನ ರಕ್ತನಾಳಗಳೂ ಹೀಗೇ ಇರುತ್ತವೆ. ವಿಇಜಿಎಫ್ ಮಿತಿಮೀರಿರುವುದರಿಂದ ನಾಳಗಳು ಸೊಟ್ಟಪಟ್ಟ, ಸೋರುವಂಥವು. ಸೋರಿದ ದ್ರವದಿಂದ ಗಡ್ಡೆಯ ಒಳಗಿನ ಒತ್ತಡ ಏರುತ್ತದೆ, ಔಷಧ ಒಳಕ್ಕೆ ನುಗ್ಗಲಾಗುವುದಿಲ್ಲ. ಕೆಲವು ಭಾಗಗಳಿಗೆ ಆಮ್ಲಜನಕವೂ ಇಲ್ಲ. ಆಮ್ಲಜನಕ ಕಡಿಮೆ ಇರುವ ಜಾಗದಲ್ಲಿ ರೇಡಿಯೇಶನ್ ಸಹ ಸರಿಯಾಗಿ ಕೆಲಸ ಮಾಡುವುದಿಲ್ಲ.

2001ರಲ್ಲಿ ಜೈನ್ ಹೇಳಿದ್ದು ಇದು: ವಿಇಜಿಎಫ್ ಅನ್ನು ಹದವಾಗಿ ತಗ್ಗಿಸಿದರೆ ಕೆಟ್ಟ ನಾಳಗಳು ಉದುರಿ ಹೋಗುತ್ತವೆ, ಉಳಿದವು ಸ್ವಲ್ಪ ನೆಟ್ಟಗಾಗುತ್ತವೆ. ಸೋರಿಕೆ, ಒತ್ತಡ ಇಳಿಯುತ್ತದೆ. ಕೆಲವು ಕಾಲ ಔಷಧವೂ ಆಮ್ಲಜನಕವೂ ಒಳಗೆ ಸರಾಗವಾಗಿ ಹೋಗುವ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಆ ಹೊತ್ತಿನಲ್ಲೇ ಕೀಮೋ ಅಥವಾ ರೇಡಿಯೇಶನ್ ಕೊಡಬೇಕು. ಡೋಸ್ ಹೆಚ್ಚಾದರೆ ಅಥವಾ ಬಹಳ ದಿನ ಮುಂದುವರಿದರೆ ಒಳ್ಳೆಯ ನಾಳಗಳೂ ಹೋಗಿ ಕಿಟಕಿ ಮುಚ್ಚುತ್ತದೆ.

ಫಾರ್ವರ್ಡ್ ಹೇಳುವುದು "ನೀರು ಬಂದ್ ಮಾಡಿ". ಇಲ್ಲಿ ನಡೆಯುವುದು ಪೈಪ್ ರಿಪೇರಿ.

ಇದೇ ಕೊನೆಯ ಮಾತು ಎಂದು ಭಾವಿಸಬೇಡಿ. ಗುದನಾಳದ ಕ್ಯಾನ್ಸರ್ ಇದ್ದ ಆರು ರೋಗಿಗಳಲ್ಲಿ ಬೆವಸಿಝುಮ್ಯಾಬ್ ಕೊಟ್ಟ ಮೇಲೆ ಗಡ್ಡೆಯೊಳಗಿನ ಒತ್ತಡ ಇಳಿದದ್ದನ್ನು 2004ರಲ್ಲಿ ಅಳೆದು ತೋರಿಸಲಾಯಿತು. ಆದರೆ 2012ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದಾಗ, ಬೆವಸಿಝುಮ್ಯಾಬ್ ಆದ ಕೆಲವೇ ಗಂಟೆಗಳಲ್ಲಿ ಗಡ್ಡೆಗೆ ತಲುಪುವ ಕೀಮೋ ಔಷಧ ಹೆಚ್ಚುವ ಬದಲು ಕಡಿಮೆಯಾಗಿತ್ತು. ಅಂದರೆ ಯಾವ ಗಡ್ಡೆ, ಯಾವ ಡೋಸ್, ಯಾವುದು ಮೊದಲು ಯಾವುದು ಆಮೇಲೆ ಎಂಬುದರ ಮೇಲೆ ಫಲ ಬದಲಾಗುತ್ತದೆ. ತಜ್ಞರೇ ತಲೆ ಕೆಡಿಸಿಕೊಂಡಿರುವ ಈ ಲೆಕ್ಕವನ್ನು ಮನೆಯಲ್ಲಿ ಕಷಾಯ ಕುದಿಸಿ ಬಿಡಿಸಲಾಗದು.

ಹೊಸ ಜೊತೆಗಾರ: ಇಮ್ಯುನೋಥೆರಪಿ

ವಿಇಜಿಎಫ್‌ಗೆ ಇನ್ನೊಂದು ದುರ್ಬುದ್ಧಿಯೂ ಇದೆ. ಅದು ನಮ್ಮ ರೋಗನಿರೋಧಕ ಕಣಗಳು ಗಡ್ಡೆಯೊಳಗೆ ಬರದಂತೆ ತಡೆಯುತ್ತದೆ, ಬಂದವನ್ನೂ ಮಂಕಾಗಿಸುತ್ತದೆ. ಹಾಗಾದರೆ ವಿಇಜಿಎಫ್ ತಡೆದು, ಜೊತೆಗೆ ರೋಗನಿರೋಧಕ ಕಣಗಳ ಬ್ರೇಕ್ ತೆಗೆಯುವ ಔಷಧ ಕೊಟ್ಟರೆ?

ಲಿವರ್ ಕ್ಯಾನ್ಸರ್‌ನಲ್ಲಿ ಇದು ಚೆನ್ನಾಗಿ ಫಲಿಸಿತು. ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೊರಾಫೆನಿಬ್ ಎಂಬ ಮಾತ್ರೆಯೇ ಮುಖ್ಯ ಆಸರೆಯಾಗಿತ್ತು. ಅದೂ ಸಹ ರಕ್ತನಾಳ ತಡೆಯುವ ಗುಣವಿರುವ ಔಷಧವೇ. 2020ರಲ್ಲಿ 501 ರೋಗಿಗಳ ಅಧ್ಯಯನ ಬಂತು. ಬೆವಸಿಝುಮ್ಯಾಬ್ ಜೊತೆ ಅಟೆಝೊಲಿಝುಮ್ಯಾಬ್ ಎಂಬ ಇಮ್ಯುನೋಥೆರಪಿ ಪಡೆದವರಲ್ಲಿ ಒಂದು ವರ್ಷದ ನಂತರ 67.2% ಜನ ಬದುಕಿದ್ದರು, ಸೊರಾಫೆನಿಬ್ ಪಡೆದವರಲ್ಲಿ 54.6%. ಕಿಡ್ನಿ ಕ್ಯಾನ್ಸರ್‌ನಲ್ಲಿ ಆಕ್ಸಿಟಿನಿಬ್ ಮಾತ್ರೆಯ ಜೊತೆ ಪೆಂಬ್ರೊಲಿಝುಮ್ಯಾಬ್ ಕೊಟ್ಟಾಗ ಒಂದು ವರ್ಷದ ಲೆಕ್ಕ 89.9%, ಹಳೆಯ ಸುನಿಟಿನಿಬ್‌ನಲ್ಲಿ 78.3%. ಅದು ಬಂದದ್ದು 2019ರಲ್ಲಿ.

ನಮ್ಮ ದೇಶದ ಹೆಣ್ಣುಮಕ್ಕಳನ್ನು ಬಹಳವಾಗಿ ಕಾಡುವ ಗರ್ಭಕಂಠದ ಕ್ಯಾನ್ಸರ್ ಬಗ್ಗೆಯೂ ಹೇಳಬೇಕು. ಮರುಕಳಿಸಿದ ಅಥವಾ ಹರಡಿದ ಹಂತದಲ್ಲಿ ಕೀಮೋಗೆ ಬೆವಸಿಝುಮ್ಯಾಬ್ ಸೇರಿಸಿದಾಗ ಮಧ್ಯಕ ಬದುಕುಳಿವು 13.3ರಿಂದ 17 ತಿಂಗಳಿಗೆ ಏರಿತು ಎಂದು 2014ರಲ್ಲಿ ವರದಿಯಾಯಿತು.

ಸೇರಿಸಿದ್ದೆಲ್ಲ ಲಾಭವಲ್ಲ

ಇಷ್ಟು ಓದಿ "ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ಸೇರಿಸಿ ಕೊಡಬಹುದಲ್ಲ" ಎನ್ನಿಸಿದರೆ ತಪ್ಪೇನಿಲ್ಲ, ಡಾಕ್ಟರುಗಳಿಗೂ ಹಾಗೇ ಅನ್ನಿಸಿತ್ತು. ಕರುಳಿನ ಕ್ಯಾನ್ಸರ್‌ನಲ್ಲಿ ಕೀಮೋ ಮತ್ತು ಬೆವಸಿಝುಮ್ಯಾಬ್ ಜೊತೆಗೆ ಸೆಟುಕ್ಸಿಮ್ಯಾಬ್ ಎಂಬ ಇನ್ನೊಂದು ಒಳ್ಳೆಯ ಔಷಧವನ್ನೂ ಸೇರಿಸಿ ನೋಡಿದರು. ಮೂರೂ ಬೇರೆ ಬೇರೆಯಾಗಿ ಉಪಯುಕ್ತ. ಆದರೆ ರೋಗ ಉಲ್ಬಣಿಸದೆ ಇದ್ದ ಅವಧಿ 10.7 ತಿಂಗಳಿಂದ 9.4ಕ್ಕೆ ಇಳಿಯಿತು! 2009ರ ಈ ಫಲಿತಾಂಶ ಬಹಳ ಜನರನ್ನು ದಂಗುಬಡಿಸಿತು.

ಆಪರೇಶನ್ ಮಾಡಿ ಗಡ್ಡೆ ತೆಗೆದ ಮೇಲೆ, ಮತ್ತೆ ಬರದಿರಲಿ ಎಂದು ಕೀಮೋ ಜೊತೆ ಬೆವಸಿಝುಮ್ಯಾಬ್ ಕೊಟ್ಟು ನೋಡಿದರು. ಅದೇ ಕರುಳಿನ ಕ್ಯಾನ್ಸರ್, ಅದೇ ಔಷಧ. ಎರಡು ದೊಡ್ಡ ಅಧ್ಯಯನಗಳಲ್ಲಿ ಲಾಭವೇ ಕಾಣಲಿಲ್ಲ. ಮೆದುಳಿನ ಗ್ಲಿಯೊಬ್ಲಾಸ್ಟೋಮಾದಲ್ಲಿ 2014ರ ಎರಡು ಅಧ್ಯಯನಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ರೋಗ ಉಲ್ಬಣಿಸುವುದು ತಡವಾದಂತೆ ಕಂಡಿತು, ಆದರೆ ಆಯುಷ್ಯ ಹೆಚ್ಚಲಿಲ್ಲ. ಸೋರಿಕೆ ನಿಂತಾಗ ಮೆದುಳಿನ ಊತ ಇಳಿಯುತ್ತದೆ, ಸ್ಕ್ಯಾನ್ ಚೆನ್ನಾಗಿ ಕಾಣುತ್ತದೆ. ಊತ ಇಳಿದರೆ ರೋಗಿಗೆ ಆರಾಮ, ಅದು ಸಣ್ಣ ವಿಷಯವಲ್ಲ. ಆದರೆ ಸ್ಕ್ಯಾನ್ ಚೆನ್ನಾಗಿರುವುದೂ ಗಡ್ಡೆ ಸಾಯುವುದೂ ಬೇರೆ ಬೇರೆ.

ಸ್ತನ ಕ್ಯಾನ್ಸರ್‌ನದ್ದು ಇನ್ನೂ ಸಂಕಟದ ಕಥೆ. 2008ರಲ್ಲಿ ಎಫ್‌ಡಿಎ ಹರಡಿದ ಸ್ತನ ಕ್ಯಾನ್ಸರ್‌ಗೆ ಈ ಜೋಡಿಯನ್ನು ತಾತ್ಕಾಲಿಕವಾಗಿ ಒಪ್ಪಿತ್ತು. ರೋಗ ಹತೋಟಿಯಲ್ಲಿದ್ದ ಅವಧಿ 5.9ರಿಂದ 11.8 ತಿಂಗಳಿಗೆ ಏರಿದ್ದೇ ಅದಕ್ಕೆ ಕಾರಣ. ಮುಂದಿನ ಅಧ್ಯಯನಗಳಲ್ಲಿ ಆ ಲಾಭ ಕಿರಿದಾಯಿತು, ಆಯುಷ್ಯ ಹೆಚ್ಚಿದ್ದು ಯಾವುದರಲ್ಲೂ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಕಂಡಿತು. 2011ರ ವಿಚಾರಣೆಯಲ್ಲಿ ಹೆಂಗಸರು ಬಂದು ತಮಗೆ ಈ ಔಷಧದಿಂದಲೇ ಗುಣವಾಗಿದೆ, ಕಿತ್ತುಕೊಳ್ಳಬೇಡಿ ಎಂದು ಬೇಡಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಒಪ್ಪಿಗೆ ವಾಪಸಾಯಿತು. ನನ್ನ ಮಟ್ಟಿಗೆ ಆ ತೀರ್ಮಾನ ಸರಿ. ಆದರೆ ಅದನ್ನು ಆ ಹೆಂಗಸರ ಎದುರು ನಿಂತು ಹೇಳುವುದು ಸುಲಭವಿತ್ತು ಎಂದು ನಾನು ನಂಬುವುದಿಲ್ಲ.

ಶಾರ್ಕ್ ಮೂಳೆಯಿಂದ ಲಕ್ಷ್ಮಣ ಫಲದವರೆಗೆ

"ನೈಸರ್ಗಿಕವಾಗಿ ರಕ್ತನಾಳ ತಡೆಯಿರಿ" ಎಂಬ ವ್ಯಾಪಾರ ವಾಟ್ಸಾಪ್‌ಗಿಂತ ಹಳೆಯದು. ಶಾರ್ಕ್ ಮೀನಿನ ಮೃದ್ವಸ್ಥಿಯಲ್ಲಿ ರಕ್ತನಾಳ ಇರುವುದಿಲ್ಲ, ಆದ್ದರಿಂದ ಅದರ ಪುಡಿ ತಿಂದರೆ ಗಡ್ಡೆಗೂ ರಕ್ತನಾಳ ಬೆಳೆಯುವುದಿಲ್ಲ ಎಂಬ ವಾದ 1990ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿತು. ಶಾರ್ಕ್‌ಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಪುಸ್ತಕವೂ ಬಂತು. ಶಾರ್ಕ್‌ಗೂ ಕ್ಯಾನ್ಸರ್ ಬರುತ್ತದೆ. ಈ ಮೃದ್ವಸ್ಥಿಯಿಂದ ತೆಗೆದ ಸಾರವನ್ನು ಶ್ವಾಸಕೋಶದ ಕ್ಯಾನ್ಸರ್ ಇದ್ದ 379 ಜನರಲ್ಲಿ, ಕೀಮೋ ಮತ್ತು ರೇಡಿಯೇಶನ್ ಜೊತೆ ಸೇರಿಸಿಯೇ ಪರೀಕ್ಷಿಸಲಾಯಿತು. ಸಾರ ಕುಡಿದವರ ಮಧ್ಯಕ ಬದುಕುಳಿವು 14.4 ತಿಂಗಳು, ಸುಮ್ಮನೆ ಹುಸಿ ಔಷಧ ಕುಡಿದವರದ್ದು 15.6.

ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳಲ್ಲಿ ರಕ್ತನಾಳ ಬೆಳೆಯುವುದನ್ನು ತಡೆಯುತ್ತದೆ, ನಿಜ. ನಾವು ತಿಂದಾಗ ಅದು ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಸಾರು ಪಲ್ಯಕ್ಕೆ ಹಾಕುವ ಅರಿಶಿನ ಬಿಡಬೇಕಾಗಿಲ್ಲ, ಕ್ಯಾಪ್ಸೂಲ್ ರೂಪದ ಭಾರೀ ಡೋಸ್ ಬೇರೆಯೇ ಮಾತು. ಲಕ್ಷ್ಮಣ ಫಲದ ಬಗ್ಗೆ ಇನ್ನೂ ಎಚ್ಚರ ಬೇಕು. ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಇದರ ಹಣ್ಣು, ಎಲೆಯ ಕಷಾಯವನ್ನು ಹೆಚ್ಚಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್ಸ್‌ನಂಥ ನರದ ಕಾಯಿಲೆ ಹೆಚ್ಚಾಗಿರುವುದನ್ನು ವೈದ್ಯರು 1999ರಲ್ಲೇ ಗಮನಿಸಿದ್ದಾರೆ.

ಮಾತ್ರೆಗಳ ವಿಷಯದಲ್ಲಿ ಹಣ್ಣು ಸಹ ಅಡ್ಡ ಬರಬಹುದು. ಸುನಿಟಿನಿಬ್, ಆಕ್ಸಿಟಿನಿಬ್ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ತಿನ್ನಬಾರದು, ಔಷಧದ ಮಟ್ಟ ರಕ್ತದಲ್ಲಿ ಏರುತ್ತದೆ. ನಮ್ಮಲ್ಲಿ ಗ್ರೇಪ್‌ಫ್ರೂಟ್ ಅಪರೂಪ. ಆದರೆ ಅದು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಜಾತಿ ಬೆರೆತು. ದೇವನಹಳ್ಳಿ ಚಕ್ಕೋತ ಇಷ್ಟಪಡುವವರು ಒಮ್ಮೆ ಡಾಕ್ಟರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮನೆಯವರು ಗಮನಿಸಬೇಕಾದ್ದು

ರಕ್ತನಾಳ ಬೇಕಾಗಿರುವುದು ಗಡ್ಡೆಗೆ ಮಾತ್ರ ಅಲ್ಲ. ಗಾಯ ಮಾಯಲೂ ಬೇಕು, ಕಿಡ್ನಿಗೂ ಬೇಕು. ಅಡ್ಡಪರಿಣಾಮಗಳು ಅಲ್ಲಿಂದಲೇ ಬರುತ್ತವೆ. ಬಿಪಿ ಏರುವುದು ಬಹಳ ಸಾಮಾನ್ಯ, ತಲೆನೋವು ಬರುವವರೆಗೆ ಕಾಯದೆ ನಿಯಮಿತವಾಗಿ ನೋಡಿಸಬೇಕು. ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು. ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು, ಅಪರೂಪಕ್ಕೆ ಕರುಳು ತೂತಾಗುವುದೂ ಉಂಟು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಮೂತ್ರಕೋಶ, ಯೋನಿ, ಕರುಳಿನ ನಡುವೆ ದಾರಿಯಾಗುವ ಅಪಾಯವಿದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಸ್ಕ್ವಾಮಸ್ ಎಂಬ ಬಗೆಯವರಿಗೆ ಮಾರಣಾಂತಿಕ ರಕ್ತಸ್ರಾವ ಕಂಡಿದ್ದರಿಂದ ಅವರಿಗೆ ಬೆವಸಿಝುಮ್ಯಾಬ್ ಕೊಡುವುದಿಲ್ಲ. ಲಿವರ್ ಕ್ಯಾನ್ಸರ್‌ನವರಿಗೆ ಮೊದಲು ಎಂಡೋಸ್ಕೋಪಿ ಮಾಡುವುದು ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ನೋಡಲು. "ಕ್ಯಾನ್ಸರ್ ಲಿವರ್‌ನಲ್ಲಿ, ಗಂಟಲಿಗೆ ಯಾಕೆ ಟ್ಯೂಬ್ ಹಾಕ್ತಾರೆ, ಬಿಲ್ ಮಾಡೋಕೆ" ಎಂದು ಜಗಳವಾಡುವ ಮೊದಲು ಇದು ಗೊತ್ತಿರಲಿ.

ಬೆವಸಿಝುಮ್ಯಾಬ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ದಿನ ಬೇಕು. ಹಾಗಾಗಿ ಯಾವುದೇ ಯೋಜಿತ ಆಪರೇಶನ್‌ಗೂ ಇದಕ್ಕೂ ಕನಿಷ್ಠ 28 ದಿನ ಅಂತರ ಇರಬೇಕು, ಆಪರೇಶನ್ ಆದಮೇಲೂ ಗಾಯ ಪೂರ್ತಿ ಮಾಯುವವರೆಗೆ ಮತ್ತೆ ಶುರುಮಾಡುವುದಿಲ್ಲ. ಹಲ್ಲು ಕೀಳಿಸುವುದಿದ್ದರೂ ಮೊದಲು ಕ್ಯಾನ್ಸರ್ ಡಾಕ್ಟರಿಗೆ ಹೇಳಿ, ಹಲ್ಲಿನ ಡಾಕ್ಟರಿಗೆ ಈ ಔಷಧದ ಹೆಸರು ಹೇಳಿ.

ಖರ್ಚಿನ ಮಾತು. ಭಾರತದಲ್ಲಿ ಈಗ ದೇಶೀಯ ಕಂಪನಿಗಳ ಬಯೋಸಿಮಿಲರ್ ಬೆವಸಿಝುಮ್ಯಾಬ್ ಸಿಗುತ್ತದೆ, ಬೆಲೆ ಮೂಲ ಬ್ರ್ಯಾಂಡ್‌ಗಿಂತ ಕಡಿಮೆ. ಕಡಿಮೆ ಬೆಲೆಗೆ ಬ್ಯಾಗಿನಲ್ಲಿ ತಂದುಕೊಡುತ್ತೇನೆ ಎನ್ನುವವರ ಸಹವಾಸ ಮಾತ್ರ ಬೇಡ. 2012ರ ಫೆಬ್ರವರಿಯಲ್ಲಿ ಅಮೆರಿಕದಲ್ಲೇ ನಕಲಿ ಅವಾಸ್ಟಿನ್ ಸಿಕ್ಕಿಬಿತ್ತು, ಸೀಸೆಯಲ್ಲಿ ಔಷಧದ ಅಂಶವೇ ಇರಲಿಲ್ಲ. ಆಸ್ಪತ್ರೆಯ ಫಾರ್ಮಸಿಯಿಂದ, ಬಿಲ್ ಮತ್ತು ಬ್ಯಾಚ್ ನಂಬರ್ ಸಮೇತ ತೆಗೆದುಕೊಳ್ಳಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ, ಮನೆಯಲ್ಲಿ ಗುಟ್ಟಾಗಿ ಕುಡಿಸುತ್ತಿರುವ ಪುಡಿ, ಎಣ್ಣೆ, ಕಷಾಯದ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ. ಬೈಸಿಕೊಂಡರೂ ಪರವಾಗಿಲ್ಲ.